ಜೂನಿನಲ್ಲಿ ಬರುವವಳು

ಕಡಬದಲ್ಲಿ ಬಸ್ಸಿಳಿದು ನಾನು ಮೊದಲು ಕೇಳಿದ್ದು, ಸಮುದ್ರ ಯಾವ ಕಡೆ ಎಂದು. ನಗಬೇಡಿ. ಗದಗಿನಲ್ಲಿ ಹುಟ್ಟಿ ಬೆಳೆದ ನಮಗೆ ದಕ್ಷಿಣ ಕನ್ನಡ ಎಂದರೆ ಮನೆಯ ಹಿಂದೆಯೇ ಸಮುದ್ರ. ಟೀಚರ್ ಕೆಲಸದ ಆರ್ಡರ್ ಬಂದಾಗ ಅಣ್ಣನ ಮಕ್ಕಳು ಕಪ್ಪೆಚಿಪ್ಪು ತರಬೇಕೆಂದು ಮಾತು ತೆಗೆದುಕೊಂಡಿದ್ದವು. ಎದುರಿನ ಜೀನಸಿನ ಅಂಗಡಿಯ ಅಬ್ಬಾಸಾಕ ತಕ್ಕಡಿ ಕೆಳಗಿಟ್ಟು ನನ್ನನ್ನೂ ನನ್ನ ಟ್ರಂಕನ್ನೂ ನೋಡಿದರು. ಹೊಸ ಟೀಚರ್ ಬರುವ ಸುದ್ದಿ ನನಗಿಂತ ಮೊದಲೇ ಪೇಟೆಗೆ ಮುಟ್ಟಿತ್ತು.

"ಸಮುದ್ರ ಇಲ್ಲಿಗೆ ಎಂತಕ್ಕೆ ಬರ್ತದೆ ಟೀಚರೇ? ಅದು ಮಂಗಳೂರಿನಲ್ಲಿ ಉಂಟು. ಬಸ್ಸಿನಲ್ಲಿ ಮೂರು ಗಂಟೆ. ನಾನೇ ನೋಡದೆ ಎರಡು ವರ್ಷ ಆಯ್ತು."

ಅದು ಎಂಬತ್ತನೆಯ ಇಸವಿಯ ಜೂನ್. ಸಮುದ್ರ ಕಾಣಲಿಲ್ಲ, ಮಳೆ ಕಂಡಿತು. ನಮ್ಮಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಲ್ಲುತ್ತಾರೆ. ಇಲ್ಲಿ ಅದನ್ನು ಮಾತಾಡಿಸುವವರೇ ಇಲ್ಲ. ಊರಿನಿಂದ ತಂದ ಜೋಳದ ಹಿಟ್ಟು ಆಗಸ್ಟಿನೊಳಗೆ ಹುಳಿ ವಾಸನೆ ಹೊಡೆಯಿತು, ಚಪ್ಪಲಿಗೆ ಬೂಷ್ಟು ಬಂತು. ಸಮುದ್ರ ಮಾತ್ರ ದಿನವೂ ಬೆಳಿಗ್ಗೆ ಮೀನಿನವನ ಸೈಕಲ್ಲಿನಲ್ಲಿ ಹಾರ್ನ್ ಹೊಡೆಯುತ್ತ ಬರುತ್ತಿತ್ತು. ಮೀನು ತಿನ್ನದ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ.

ಕಮಲಕ್ಕ ಎಂಬವರ ಮನೆಯ ಹಿಂಬದಿಯ ಒಂದು ಕೋಣೆ, ಒಂದು ಅಡುಗೆಮನೆ ನನ್ನ ಬಿಡಾರ. ಮೊದಲ ದಿನ ರೊಟ್ಟಿ ಬಡಿದಾಗ ಅವರು ಸೌಟು ಹಿಡಿದೇ ಓಡಿ ಬಂದಿದ್ದರು, ಯಾರು ಯಾರಿಗೆ ಹೊಡೆಯುತ್ತಿದ್ದಾರೆ ಎಂದು. ಕಮಲಕ್ಕನೂ ನೆರೆಯ ಹೆಂಗಸರೂ ತಮ್ಮೊಳಗೆ ತುಳುವಿನಲ್ಲಿ ಮಾತಾಡಿ ನಕ್ಕು, ನನ್ನ ಕಡೆ ತಿರುಗಿ ಪಾಠ ಒಪ್ಪಿಸಿದಂಥ ಕನ್ನಡ ಆಡುತ್ತಿದ್ದರು. ಆ ತಿರುಗುವಿಕೆಯೇ ನನಗೆ ಸಂಕಟ. ನಗು ಆ ಕಡೆಗೆ, ಮರ್ಯಾದೆ ಈ ಕಡೆಗೆ. ಮೊದಲ ವರ್ಷವೇ ವರ್ಗಾವಣೆಗೆ ಅರ್ಜಿ ಹಾಕಿದೆ. ಆಮೇಲೆ ಪ್ರತಿ ವರ್ಷವೂ ಹಾಕಿದೆ. ಏಪ್ರಿಲಿನಲ್ಲಿ ಪರೀಕ್ಷೆಯ ಫಲಿತಾಂಶ ಹೇಳಿದ ಸಂಜೆಯೇ ಗದಗಿನ ದಾರಿ ಹಿಡಿಯುತ್ತಿದ್ದೆ. ಶಾಲೆ ತೆರೆಯುವ ಹಿಂದಿನ ದಿನ ನೆಟ್ಟಣದಲ್ಲಿ ರೈಲಿಳಿದು ಕೊಡೆ ಬಿಚ್ಚುತ್ತಿದ್ದೆ. ಹೀಗೆ ಐದು ವರ್ಷ ಕಳೆದವು.

ಎಂಬತ್ತೈದರ ಬೇಸಿಗೆಯಲ್ಲಿ ಮಾತ್ರ ಉಳಿದುಕೊಂಡೆ. ವರ್ಗಾವಣೆಯ ಆರ್ಡರ್ ಈ ಸಲ ಖಂಡಿತ ಬರುತ್ತದೆ, ಬಂದ ಕೂಡಲೇ ಇಲ್ಲಿಂದ ಬಿಡುಗಡೆ ಮಾಡಿಸಿಕೋ ಎಂದು ಅಣ್ಣ ಬರೆದಿದ್ದ. ಹೆಡ್ಮಾಸ್ಟರು ತಮ್ಮ ಊರಿಗೆ ಹೋಗುತ್ತ ಶಾಲೆಯ ಕೀಲಿಕೈ ನನಗೆ ಕೊಟ್ಟರು. ಒಂದು ವಾರ ಬಿಟ್ಟು ಆ ಕಡೆ ಹೋಗಿ ನೋಡಿದರೆ ಮೈದಾನದ ತುಂಬ ಚಾಪೆ; ಚಾಪೆಯ ತುಂಬ ಹಲಸಿನ ಹಪ್ಪಳ. ಕಾಗೆ ಓಡಿಸಲು ಕೋಲು ಹಿಡಿದು ಕಮಲಕ್ಕ ಕೂತಿದ್ದರು.

ಕೀಲಿಕೈ ಕೈಯಲ್ಲಿದ್ದರೆ ಯಾರಿಗಾದರೂ ಸ್ವಲ್ಪ ಅಧಿಕಾರ ಬರುತ್ತದೆ. "ಇದು ಸರಕಾರಿ ಜಾಗಾರಿ. ಇಲ್ಲಿ ಹಪ್ಪಳ ಹರವೋ ಹಂಗಿಲ್ಲ" ಎಂದುಬಿಟ್ಟೆ.

ಕಮಲಕ್ಕನಿಗೆ ಸಿಟ್ಟು ಬರಲಿಲ್ಲ. "ಪೇಟೆಯ ಮನೆಗಳಿಗೆ ಅಂಗಳ ಎಲ್ಲಿ ಉಂಟು ಟೀಚರೇ? ನನ್ನ ಅಮ್ಮನ ಕಾಲದಿಂದ ಬೇಸಿಗೆಯಲ್ಲಿ ಇದು ಹಪ್ಪಳದ ಜಾಗ. ನೀವು ಜೂನಿನಲ್ಲಿ ಬರುವವರು, ನಿಮಗೆ ಹೇಗೆ ಗೊತ್ತಾಗ್ಬೇಕು?"

ಐದು ವರ್ಷ ಅವರ ಬಾವಿಯ ನೀರು ಕುಡಿದವಳು ಅವರ ಲೆಕ್ಕದಲ್ಲಿ ಜೂನಿನಲ್ಲಿ ಬರುವವಳು. ನನಗೆ ನಿಜವಾಗಿಯೂ ನೋವಾಯಿತು. ಇಲ್ಲಿಂದ ಓಡಿಹೋಗಲು ಅರ್ಜಿ ಹಾಕಿದವಳಿಗೆ ಯಾಕೆ ನೋವಾಗಬೇಕಿತ್ತೋ ಗೊತ್ತಿಲ್ಲ.

ಬೇಸಿಗೆಯ ಕಡಬ ನಾನು ಕಾಣದ ಊರು. ಬೊಂಬಾಯಿಯಲ್ಲಿ ಹೋಟೆಲು, ಆಫೀಸು ಎಂದು ದುಡಿಯುವವರು ಹೆಂಡತಿ ಮಕ್ಕಳೊಂದಿಗೆ ಬಂದಿಳಿದಿದ್ದರು. ಗಲ್ಫಿನವರು ಸೆಂಟು ಹಾಕಿಕೊಂಡು ಅಬ್ಬಾಸಾಕನ ಅಂಗಡಿಯ ಬೆಂಚಿನಲ್ಲಿ ಕೂತಿದ್ದರು. ಕಮಲಕ್ಕನ ತಮ್ಮ ಜಯಣ್ಣನೂ ಬೊಂಬಾಯಿಯಿಂದ ಬಂದಿದ್ದ. ಅವನ ಬಾಯಲ್ಲಿ ಹೊಗಳಿಕೆ ಬಿಟ್ಟರೆ ಬೇರೆ ಮಾತಿಲ್ಲ. "ಎಂತ ಊರು ಮಾರಾಯ್ರೆ! ಹೊಳೆ ಸ್ನಾನ, ಮಾವಿನಹಣ್ಣು, ಮಧ್ಯಾಹ್ನ ಒಂದು ನಿದ್ದೆ. ನೀವು ಪುಣ್ಯ ಮಾಡಿದ್ದೀರಿ ಟೀಚರೇ."

"ಆಟಿ ತಿಂಗಳಾಗ ಬಂದು ಒಂದು ವಾರ ಇದ್ದು ನೋಡ್ರಿ, ಆಮ್ಯಾಲ ಹೇಳ್ರಿ" ಎಂದೆ. ಆಟಿ ಎಂದರೆ ನಮ್ಮ ಆಷಾಢದ ಹೊತ್ತಿಗೆ ಬರುವ ಇಲ್ಲಿನ ತಿಂಗಳು. ಆಗ ಒಗೆದ ಸೀರೆ ನಾಲ್ಕು ದಿನವಾದರೂ ಒಣಗುವುದಿಲ್ಲ.

ಹಪ್ಪಳ ಕಾಯುತ್ತಿದ್ದ ಕಮಲಕ್ಕ ಕೋಲು ಬಿಟ್ಟು ನಕ್ಕರು. "ಅವನಿಗೆ ಮಳೆ ಮರ್ತು ಹೋಗಿದೆ, ನೀವು ಬೇಸಿಗೆ ನೋಡ್ಲಿಲ್ಲ. ಇಬ್ಬರೂ ಅರ್ಧರ್ಧ ಊರು ನೋಡಿ ಜಗಳ ಮಾಡುದು!"

ಹಪ್ಪಳ ಒತ್ತುವುದು ಇಲ್ಲಿ ಒಂದು ಮನೆಯ ಕೆಲಸವಲ್ಲ. ಬೆಂದ ಹಲಸಿನ ತೊಳೆಯನ್ನು ಒರಳಿಗೆ ಹಾಕಿ ಗುದ್ದಬೇಕು, ಉಂಡೆ ಕಟ್ಟಬೇಕು, ಎಣ್ಣೆ ಸವರಿದ ಎಲೆಯ ನಡುವೆ ಇಟ್ಟು ಮಣೆಯಿಂದ ಒತ್ತಬೇಕು. ಇಂದು ಒಬ್ಬರ ಮನೆ, ನಾಳೆ ಇನ್ನೊಬ್ಬರದು. ಹೋಗಿ ಒತ್ತಿಕೊಟ್ಟವರ ಮನೆಗೆ ಇವರು ಹೋಗಲೇಬೇಕು. ಈ ಸರದಿಯಲ್ಲಿ ಅಬ್ಬಾಸಾಕನ ಹೆಂಡತಿ ಐಸಮ್ಮ ಇದ್ದರು, ಅಂಚೆಯವರ ಹೆಂಡತಿ ಇದ್ದರು; ನನ್ನನ್ನು ಕರೆದವರಿಲ್ಲ. ಕರೆಯದೆ ಹೋಗಲು ನನಗೆ ಬಿಗುಮಾನ.

ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ಅಂಚೆಯವರು ಲಕೋಟೆ ತಂದುಕೊಟ್ಟರು. ಗದಗಿನ ಪಕ್ಕದಲ್ಲೇ ವರ್ಗ. ಓದಿ ಮುಗಿಸುವಷ್ಟರಲ್ಲಿ ಗುಡುಗಿತು. ಕಾಗದವನ್ನು ಸೊಂಟಕ್ಕೆ ಸಿಕ್ಕಿಸಿ, ಕೀಲಿಕೈ ಹಿಡಿದು ಶಾಲೆಯತ್ತ ಓಡಿದೆ. ಯೋಚನೆ ಮಾಡಿ ಓಡಿದ್ದಲ್ಲ. ಮೈದಾನದಲ್ಲಿ ಹೆಂಗಸರು ಒದ್ದಾಡುತ್ತಿದ್ದರು. ಅಷ್ಟು ಚಾಪೆಗಳನ್ನು ಮಳೆಗೆ ಮೊದಲು ಮನೆ ಮುಟ್ಟಿಸುವುದು ಆಗದ ಮಾತು.

"ಏ, ಇತ್ತ ತರ್ರಿ! ಒಳಗ ತರ್ರಿ!" ಎಂದು ಕೂಗಿ ನಾಲ್ಕೂ ಕೋಣೆ ತೆರೆದೆ. ಜಯಣ್ಣ ಬೊಂಬಾಯಿ ಪ್ಯಾಂಟು ಮಡಚಿ ತಲೆಯ ಮೇಲೆ ಚಾಪೆ ಹೊತ್ತ. ಬೆಂಚು, ಡೆಸ್ಕು, ಹೆಡ್ಮಾಸ್ಟರ ಮೇಜು, ಎಲ್ಲ ಕಡೆ ಹಪ್ಪಳ ಹರಡಿದೆವು. ಕೊನೆಯ ಚಾಪೆ ಒಳಗೆ ಬಂದ ಮೇಲೆಯೇ ಮಳೆ ಸುರಿಯಿತು.

ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತಿದ್ದ ಕಮಲಕ್ಕ ನನ್ನ ಸೊಂಟದ ಲಕೋಟೆ ನೋಡಿದರು. "ಎಂತ ಅದು?"

"ವರ್ಗದ ಆರ್ಡರ್. ನಮ್ಮೂರಿಗೆ ಆಗ್ಯದ."

ಕಮಲಕ್ಕ ಬೆಂಚಿನ ಅಂಚಿಗೆ ಜಾರಿದ್ದ ಒಂದು ಹಪ್ಪಳವನ್ನು ಒಳಗೆ ಸರಿಸಿದರು. "ಒಳ್ಳೇದಾಯ್ತು. ನಾಳೆ ನಮ್ಮ ಮನೆದು ಒತ್ತುದು, ಕಡೇ ಸರದಿ. ಬರ್ಲಿಕ್ಕೆ ಆಗ್ತದಾ?"

ಹೋದೆ. ಕತ್ತಲಾಗುವವರೆಗೆ ಒತ್ತಿದೆ. ನನ್ನ ಹಪ್ಪಳ ಅಂಚಿನಲ್ಲಿ ದಪ್ಪವೆಂದು ತುಳುವಿನಲ್ಲೇ ಗೇಲಿ ಮಾಡಿದರು; ಯಾರೂ ಕನ್ನಡಕ್ಕೆ ತಿರುಗಲಿಲ್ಲ. ಅರ್ಧ ಅರ್ಥವಾಯಿತು, ಪೂರ್ತಿ ನಕ್ಕೆ. ಬಿಡಾರಕ್ಕೆ ಬಂದು ಎಣ್ಣೆ ಕೈಯನ್ನು ಸೀಗೆಪುಡಿಯಲ್ಲಿ ತಿಕ್ಕುತ್ತ ಅತ್ತೆ. ಮರುದಿನ ವೈಯಕ್ತಿಕ ಕಾರಣಗಳಿಂದ ವರ್ಗಾವಣೆ ರದ್ದುಪಡಿಸಬೇಕೆಂದು ಬರೆದು ಹಾಕಿದೆ. ಆ ಕಾರಣ ಹಪ್ಪಳ ಎಂದು ಸರಕಾರಕ್ಕೆ ತಿಳಿಸಲಿಲ್ಲ. ಅಣ್ಣ ಆರು ತಿಂಗಳು ಕಾಗದ ಬರೆಯಲಿಲ್ಲ.

ಈಗ ಪ್ರತಿ ಬೇಸಿಗೆಯೂ ಶಾಲೆಯ ಕೀಲಿಕೈ ನನ್ನ ಹತ್ತಿರವೇ; ಸರದಿ ಮುಗಿದ ಮೇಲೆಯೇ ಗದಗಿಗೆ ಹೋಗುತ್ತೇನೆ, ಹತ್ತು ದಿನಕ್ಕೆ. ಹೋದ ವರ್ಷ ಒಣಗಾಳಿಯನ್ನೂ ಎಣಗಾಯಿ ರೊಟ್ಟಿಯನ್ನೂ ಜಯಣ್ಣನಂತೆಯೇ ಹೊಗಳಿ ಹೊಗಳಿ ತಿಂದೆ. ನಳದ ಸಾಲಿಗೆ ಕೊಡ ಹಿಡಿದು ಹೊರಟರೆ ಅತ್ತಿಗೆ ಕಸಿದುಕೊಂಡಳು. "ನೀ ನಾಕ ದಿನಕ್ಕ ಬಂದಾಕಿ, ಸುಮ್ಮ ಕೂಡವಾ."

ಕೂತೆ. ಸಂಜೆಯ ಹೊತ್ತಿಗೆ ಆಕಾಶ ಕಪ್ಪಾಗಿ ಗುಡುಗಿತು. ಓಣಿಯ ಜನವೆಲ್ಲ ಹೊರಗೆ ಬಂದು ಮುಖ ಮೇಲೆತ್ತಿ ನಿಂತರು, ಮಕ್ಕಳು ಕುಣಿದವು. ಅವರ ನಡುವೆ ಬೆಳೆದ ನಾನೊಬ್ಬಳೇ ಒಳಗೆ ಓಡಿ ಚೀಲ ತಡಕಾಡಿದೆ, ಶಾಲೆಯ ಕೀಲಿಕೈಗಾಗಿ. ಅದು ಕಮಲಕ್ಕನ ಹತ್ತಿರ ಇತ್ತು.