ಗುರುಪುರದ ಬದಲು ಹನಗೋಡು

ಗಾಳಿಮಳೆಯ ಮರುದಿನ ಗುರುಪುರದ ಕಡೆ ತೆಂಗಿನ ಗರಿಯೊಂದು ತಂತಿಯ ಮೇಲೆ ಬಿದ್ದಿತ್ತು. ಲೈನ್‌ಮನ್ ಆದ ನಾನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ಕರೆಂಟು ತೆಗೆಸಿಕೊಂಡು ಕಂಬ ಹತ್ತಿದೆ. ಡ್ಯೂಟಿಯಲ್ಲಿದ್ದ ಆಪರೇಟರ್ ಮೇಡಂ ನನಗಿಂತ ತುಂಬ ಚಿಕ್ಕವರು. ಅವರು ಗುರುಪುರದ ಲೈನನ್ನೇ ಆಫ್ ಮಾಡಿದ್ದರು. ಆದರೆ ಲಾಗ್ ಬುಕ್ಕಿನಲ್ಲಿ ಮಾತ್ರ, ಕೆಲಸ ನಡೆಯುತ್ತಿರುವುದು ಹನಗೋಡು ಲೈನಿನಲ್ಲಿ ಎಂದು ಬರೆದುಬಿಟ್ಟಿದ್ದರು. ಬೆಳಗಿನಿಂದ ಎಲ್ಲ ಊರುಗಳಿಂದಲೂ ಒಂದೇ ಸಮ ಫೋನು ಬರುತ್ತಿತ್ತಂತೆ.

ಮಧ್ಯಾಹ್ನ ಪಾಳಿ ಬದಲಾಯಿತು. ಹೊಸದಾಗಿ ಬಂದ ಆಪರೇಟರಿಗೆ ಪುಸ್ತಕ ಒಪ್ಪಿಸಿ ಮೇಡಂ ಬಸ್ಸಿಗೆ ಹೊರಟರು. ಸ್ಟಾಪಿನ ಪಕ್ಕದ ಅಂಗಡಿಯಲ್ಲಿ ಮಿಕ್ಸಿ ತಿರುಗುತ್ತಿತ್ತು. ಆ ಅಂಗಡಿಗೆ ಕರೆಂಟು ಬರುವುದು ಹನಗೋಡು ಲೈನಿನಿಂದ. ಅದು ಆಫ್ ಆಗಿದೆ ಎಂದು ತಾವೇ ಬರೆದದ್ದು ಅವರಿಗೆ ಆಗ ಹೊಳೆಯಿತು.

ನನ್ನ ಫೋನು ಬಡಿದುಕೊಂಡಿತು. "ಅಣ್ಣ, ಇಳೀರಿ! ಈಗ್ಲೇ ಇಳೀರಿ! ಯಾಕೆ ಅಂತ ಆಮೇಲೆ ಹೇಳ್ತೀನಿ." ಅವರು ಓಡುತ್ತಲೇ ಮಾತಾಡುತ್ತಿದ್ದರು, ಏದುಸಿರು ಕೇಳುತ್ತಿತ್ತು. ನಾನು ಇಳಿದು ದೂರ ನಿಂತೆ. ಅಷ್ಟರಲ್ಲಿ ಹೊಸ ಆಪರೇಟರು ಪುಸ್ತಕ ನೋಡಿ, ಗುರುಪುರದ ಲೈನಿನಲ್ಲಿ ಯಾರೂ ಇಲ್ಲವೆಂದು ನಂಬಿ, ಅದನ್ನು ಚಾಲೂ ಮಾಡಲು ಎದ್ದಿದ್ದರಂತೆ. ಮೇಡಂ ಬಾಗಿಲಿನಿಂದಲೇ ಕೂಗಿ ತಡೆದರು.

ಸಂಜೆ ನಾನು ಸಬ್‌ಸ್ಟೇಷನ್ನಿಗೆ ಹೋದಾಗ ಜೂನಿಯರ್ ಎಂಜಿನಿಯರ್ ಸಾಹೇಬರೂ ಅಲ್ಲಿದ್ದರು. "ಏನೂ ಆಗ್ಲಿಲ್ವಲ್ಲಮ್ಮ. ಹನಗೋಡು ಅನ್ನೋದನ್ನ ಗುರುಪುರ ಅಂತ ತಿದ್ಬುಡು, ಮುಗೀತು," ಎಂದರು.

ನಾನೂ ದನಿಗೂಡಿಸಿದೆ. "ಊ ಕಣವ್ವ, ನಂಗೇನಾಯ್ತು? ತಿದ್ಬುಡಿ ಅತ್ಲಾಗೆ."

ಮೇಡಂ ಪುಸ್ತಕ ಹತ್ತಿರಕ್ಕೆ ಎಳೆದುಕೊಂಡರು. "ತಿದ್ದಿಬಿಟ್ರೆ, ಹಿಂಗೂ ಆಗ್ತದೆ ಅಂತ ಮುಂದೆ ಬರೋರಿಗೆ ಹೆಂಗ್ ಗೊತ್ತಾಗ್ಬೇಕು, ಅಣ್ಣ?" ಎಂದರು. ತಪ್ಪು ಪದ ಕಾಣುವ ಹಾಗೆಯೇ ಅದರ ಮೇಲೆ ಒಂದು ಗೆರೆ ಎಳೆದರು. ಕೆಳಗೆ ಸರಿಯಾದದ್ದನ್ನು ಬರೆದು, 'ತಪ್ಪಾಗಿ ನಮೂದಿಸಿದವಳು ನಾನೇ' ಎಂದು ಸೇರಿಸಿ ಸಹಿ ಹಾಕಿದರು.

ಅದಕ್ಕಾಗಿ ಅವರಿಗೆ ನೋಟಿಸು ಬಂತು, ಬಡ್ತಿಯೂ ತಡವಾಯಿತು. ನನ್ನ ಜೀವಕ್ಕೇ ಸಂಚಕಾರ ತಂದಿದ್ದ ತಪ್ಪು ಅದು. ಆದರೂ ಅವರ ಮೇಲೆ ನನಗೆ ಸಿಟ್ಟು ಬರಲೇ ಇಲ್ಲ. ಇಷ್ಟು ವರ್ಷದ ಸರ್ವೀಸಿನಲ್ಲಿ ತನ್ನ ತಪ್ಪನ್ನು ತಾನೇ ಪುಸ್ತಕಕ್ಕೆ ಏರಿಸಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಈಗ ಅವರು ಎಚ್.ಡಿ. ಕೋಟೆ ಕಡೆ ಕೆಲಸ ಮಾಡುತ್ತಿದ್ದಾರೆ. ಮೊನ್ನೆ ಅಲ್ಲಿನ ಲೈನ್‌ಮನ್ ಹುಡುಗನೊಬ್ಬ ಸಿಕ್ಕಿ ಗೊಣಗಿದ: "ಬಾಳ ಸ್ಟ್ರಿಕ್ಟು ಕಣಣ್ಣ. ಕಂಬ ಅತ್ತೋಕ್ ಮುಂಚೆ ಲೈನಿನ ಎಸ್ರ ಎಲ್ಡೆಲ್ಡ್ ಸಲ ಏಳಿಸ್ತಾರೆ."

"ಏಳ್ಲಾ ಮತ್ತೆ, ನಿಂಗೇನ್ ಕಷ್ಟ?" ಎಂದೆ. ಅವನನ್ನು ಹೋಟೆಲಿನಲ್ಲಿ ಕೂರಿಸಿ, ಟೀ ಕೊಡಿಸಿ, ಇದನ್ನೆಲ್ಲ ಹೇಳಿದೆ.