ಮೆಟ್ಟಿಲಿನ ಕೆಳಗೆ ಕೂತವರ ಕಾಲಂ

ಇಪ್ಪತ್ತು ವರ್ಷಗಳ ಮುಂದಾಲೋಚನೆ ಮಾಡುವ ಯೋಗ್ಯತೆ ನನಗಿಲ್ಲ. ನಮ್ಮ ಅಡುಗೆಮನೆಯಲ್ಲಿ ಇವತ್ತು ಸಾರಿನ ಪುಡಿ ಇದ್ದ ಡಬ್ಬಿಯಲ್ಲಿ ನಾಳೆ ಸಕ್ಕರೆ ಇರುತ್ತದೆ. ನಾಡಿದ್ದು ಏನಿರುತ್ತದೆಂದು ನನಗೂ ಗೊತ್ತಿರುವುದಿಲ್ಲ. ಅಂಥವಳಿಗೆ ಚಿತ್ರದುರ್ಗದ ನಮ್ಮ ಜಿಲ್ಲಾ ಕಚೇರಿಯಲ್ಲಿ ಒಂದು ಕೆಲಸ ವಹಿಸಿದರು. ಹಿರಿಯೂರು, ಹೊಳಲ್ಕೆರೆ, ಹೊಸದುರ್ಗದಲ್ಲಿರುವ ನಮ್ಮ ಇಲಾಖೆಯ ಕಚೇರಿಗಳಿಗೆ ಮುಂದಿನ ಇಪ್ಪತ್ತು ವರ್ಷಕ್ಕೆ ಎಷ್ಟು ಜಾಗ ಬೇಕೆಂದು ಅಳೆದು ವರದಿ ಕೊಡಬೇಕು.

ದುರ್ಗದವರಿಗೆ ಇದೇನು ಹೊಸ ವಿದ್ಯೆಯಲ್ಲ. ಎಣ್ಣೆಗೆ ಕೊಳ, ನೀರಿಗೆ ಹೊಂಡ, ಕಾಳಿಗೆ ಕಣಜ ಎಂದು ಹಿಂದಿನವರು ಕೋಟೆಯ ಬಂಡೆಯ ಮೇಲೆಯೇ ಎಲ್ಲಕ್ಕೂ ಜಾಗ ಗೊತ್ತುಮಾಡಿದ್ದರು. ನನ್ನ ಬಳಿ ಒಂದು ಟೇಪು, ಒಂದು ನಮೂನೆ. ನಮೂನೆಯಲ್ಲಿ ಅಧಿಕಾರಿಗೆ ಒಂದು ಕಾಲಂ. ಸಿಬ್ಬಂದಿಗೆ, ಕಡತಕ್ಕೆ, ಕಂಪ್ಯೂಟರಿಗೆ, ಜೀಪಿಗೆ ಒಂದೊಂದು. ಹಿರಿಯೂರನ್ನೂ ಹೊಳಲ್ಕೆರೆಯನ್ನೂ ಎರಡೇ ದಿನದಲ್ಲಿ ಅಳೆದು ಮುಗಿಸಿ, ನನ್ನ ಚುರುಕಿಗೆ ನಾನೇ ಬೆರಗಾದೆ.

ಹೊಸದುರ್ಗದ ಕಚೇರಿ ಇರುವುದು ಬಾಡಿಗೆ ಕಟ್ಟಡದ ಮಹಡಿಯ ಮೇಲೆ. ಟೇಪು ಹಿಡಿದು ಹೋದರೆ ಮೊದಲ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದರು. ಹೆಸರು ತಿಪ್ಪಕ್ಕ, ಶ್ರೀರಾಂಪುರದ ಕಡೆಯವರು, ಕುರಿ ಸಾಕುವವರು.

“ಒಂಚೂರು ಸರೀತೀರಾ ಅಜ್ಜಿ?” ಎಂದೆ.

“ಸರಿಯಾಕೆ ಮಂಡಿ ಕೇಳಬೇಕಲ್ಲವ್ವ” ಎನ್ನುತ್ತ ಗೋಡೆ ಹಿಡಿದು ಗೇಣಗಲ ಸರಿದರು.

ಕುರಿ ಶೆಡ್ಡು ಕಟ್ಟಿಕೊಳ್ಳಲು ನಮ್ಮ ಇಲಾಖೆ ಕೊಡುವ ಸಹಾಯಧನಕ್ಕೆ ಅರ್ಜಿ ಹಾಕಿದ್ದರಂತೆ. ಅರ್ಜಿ ಮುಂದೆ ಹೋಗಬೇಕಾದರೆ ಹೆಬ್ಬೆಟ್ಟನ್ನು ಮಹಡಿಯಲ್ಲಿರುವ ಯಂತ್ರದ ಮೇಲೆಯೇ ಒತ್ತಬೇಕು. ಮೆಟ್ಟಿಲು ಹತ್ತಲು ಮಂಡಿ ಒಪ್ಪುವುದಿಲ್ಲ. ಅವರು ಬಂದು ಹಿಂದಿರುಗುತ್ತಿರುವುದು ಇದು ಮೂರನೆಯ ಸಲ. “ಈ ಮಳೆಗೆ ಎಲ್ಡು ಮರಿ ಹೋದ್ವು. ನನ್ ಮಂಡಿ ನೋವಿಗೆ ಅವೇನು ಮಾಡಿದ್ವು, ಪಾಪ” ಎಂದರು.

ಯಂತ್ರವನ್ನು ಕೆಳಗೆ ತರಬಹುದೇ ಎಂದು ಮೇಲೆ ಹೋಗಿ ಸಿಬ್ಬಂದಿಯನ್ನು ಕೇಳಿದೆ. ಯಂತ್ರದ ವೈರು ಕಂಪ್ಯೂಟರಿಗೆ ಅಂಟಿಕೊಂಡಿದೆ, ಕೆಳಗೆ ಬರುವುದಿಲ್ಲ ಎಂದರು. ನಂಬಿಕೆಯಾಗದೆ ವೈರನ್ನೂ ಅಳೆದೆ. ನಿಜಕ್ಕೂ ಬರುವುದಿಲ್ಲ.

“ಏನವ್ವ ಅಷ್ಟೊತ್ತಿಂದ ಅಳೀತಿದ್ದೀಯ?” ನಾನು ಇಳಿದು ಬಂದಾಗ ತಿಪ್ಪಕ್ಕ ಕೇಳಿದರು.

“ಇನ್ನಿಪ್ಪತ್ತು ವರ್ಷಕ್ಕೆ ಎಷ್ಟು ಜಾಗ ಬೇಕು ಅಂತ.”

“ಅಷ್ಟು ದಿನ ನಾನೆಲ್ಲಿರ್ತೀನಿ? ಈ ವರ್ಷದ್ದು ನೋಡವ್ವ.”

ಚಿತ್ರದುರ್ಗಕ್ಕೆ ಹಿಂದಿರುಗುವಾಗ ಬಸ್ಸಿನಲ್ಲಿ ಒಂದು ವಿಚಾರ ತಲೆ ತಿನ್ನತೊಡಗಿತು. ಕಚೇರಿ ಎಂಬ ಮಾತು ನಮ್ಮಲ್ಲಿ ಎರಡು ಕಡೆ ಇದೆ. ಸಂಗೀತ ಕಚೇರಿಯಲ್ಲಿ ಹಾಡುವವರಿಗೆ ಒಂದು ಜಮಖಾನ ಸಾಕು, ಉಳಿದ ಜಾಗವೆಲ್ಲ ಬಂದವರದು. ಸರ್ಕಾರಿ ಕಚೇರಿಯಲ್ಲಿ ಕುರ್ಚಿಗಳೆಲ್ಲ ನಮ್ಮವು, ಬಂದವರಿಗೆ ಮೆಟ್ಟಿಲು. ಮನೆಗೆ ಹೋದವಳೇ ನಮೂನೆಯ ಕೊನೆಗೆ ಸ್ಕೇಲು ಹಿಡಿದು ಇನ್ನೊಂದು ಗೆರೆ ಎಳೆದು, “ಬಂದವರಿಗೆ, ನೆಲಮಟ್ಟದಲ್ಲಿ” ಎಂದು ಬರೆದೆ.

ನಮ್ಮ ಸಾಹೇಬರು ಒಳ್ಳೆಯವರು, ಆದರೆ ನಮೂನೆಯ ಭಕ್ತರು. “ಇಲ್ಲದ ಕಾಲಂ ಹಾಕಿದ್ರೆ ಮೇಲಧಿಕಾರಿಗಳಿಂದ ವಾಪಸ್ ಬರ್ತೈತೆ ಕಣಮ್ಮ” ಎಂದರು.

“ಬರಲಿ ಸಾರ್, ಮತ್ತೆ ಕಳಿಸಾಣ.”

ಬಂತು. ಕಳಿಸಿದೆವು. ಮತ್ತೆ ಬಂತು. ಆಗ ನಾನು ಮೂರು ದಿನ ರಜೆ ಹಾಕಿ ಹೊಸದುರ್ಗದ ಅದೇ ಮೆಟ್ಟಿಲ ಪಕ್ಕ ಕೂತೆ. ಮೇಲೆ ನೋಡಿ, ನಿಟ್ಟುಸಿರುಬಿಟ್ಟು, ಹತ್ತದೆ ಹಿಂದಿರುಗಿದವರ ಹೆಸರು, ಊರು ಬರೆದುಕೊಂಡೆ. ಊರುಗೋಲಿನವರು, ತುಂಬು ಬಸುರಿಯರು, ಎದೆ ಹಿಡಿದುಕೊಂಡು ನಿಂತವರು. ಮಧ್ಯಾಹ್ನದ ಬಿಸಿಲಿಗೆ ನನಗೇ ತಲೆ ಸುತ್ತಿತು. ಎದ್ದು ಹೋಗಬೇಕೆನಿಸಿದಾಗಲೆಲ್ಲ ಇನ್ನೊಬ್ಬರು ಬರುತ್ತಿದ್ದರು.

ಆ ಪಟ್ಟಿಯನ್ನು ಸಾಹೇಬರು ಕೊನೆಯವರೆಗೂ ಓದಿದರು. “ಇವರೆಲ್ಲ ಹತ್ತದಂಗೇ ಹೋದ್ರಾ?”

“ಹೂಂ ಸಾರ್.”

ಪಟ್ಟಿಯನ್ನು ಮೇಜಿನ ಮೇಲಿಟ್ಟು ಕೇಳಿದರು: “ಅಲ್ಲಿ ಕೆಳಗಿನ ರೂಮಲ್ಲಿ ಏನೈತೆ?”

“ಮುರಿದ ಬೀರುಗಳು.”

“ಖಾಲಿ ಮಾಡಿಸಬೋದು. ಆದ್ರೆ ಅಲ್ಲಿ ಕೂರೋರು ಯಾರು? ಮೇಲಿನೋರು ಒಬ್ರೂ ಇಳಿಯಲ್ಲ.”

“ನಾನು ಹೋಗ್ತೀನಿ ಸಾರ್” ಎಂದುಬಿಟ್ಟೆ. ದಿನವೂ ಬಸ್ಸಿನಲ್ಲಿ ಹೋಗಿಬರಬೇಕೆಂಬುದು ಮಾತು ಬಾಯಿಂದ ಹೊರಟ ಮೇಲೆ ನೆನಪಾಯಿತು. ಮಾತು ಹಿಂತೆಗೆದುಕೊಳ್ಳಲಿಲ್ಲ.

ಪಟ್ಟಿ ಲಗತ್ತಿಸಿದ ವರದಿ ಮೂರನೆಯ ಸಲ ಹಿಂದೆ ಬರಲಿಲ್ಲ. ಹೊಸ ಕಟ್ಟಡಗಳ ನಕ್ಷೆಯಲ್ಲಿ ಆ ಕಾಲಂ ಸೇರಿದೆಯಂತೆ. ಕಟ್ಟಡಗಳಿಗೆ ಇನ್ನೂ ಜಾಗ ಹುಡುಕುತ್ತಿದ್ದಾರೆ. ಅಷ್ಟರಲ್ಲಿ ಹೊಸದುರ್ಗದ ಕೆಳಗಿನ ಕೋಣೆಗೆ ಸುಣ್ಣ ಬಳಿಸಿ, ಒಂದು ಕಂಪ್ಯೂಟರು, ಒಂದು ಯಂತ್ರ, ನನಗೊಂದು ಕುರ್ಚಿ, ಕಾಲಂನಲ್ಲಿ ನಾನು ಬರೆದ ಲೆಕ್ಕದಂತೆ ಬಂದವರಿಗೆ ನಾಲ್ಕು ಕುರ್ಚಿ ಹಾಕಿಸಿದೆವು.

ಮೊದಲ ದಿನವೇ ತಿಪ್ಪಕ್ಕನಿಗೆ ಹೇಳಿಕಳಿಸಿದ್ದೆ. ಬಂದರು. ಸವೆದುಹೋದ ಹೆಬ್ಬೆಟ್ಟನ್ನು ಯಂತ್ರ ಎರಡು ಸಲ ಒಪ್ಪಲಿಲ್ಲ. ಸೆರಗಿನಿಂದ ಒರೆಸಿ ಮೂರನೆಯ ಸಲ ಒತ್ತಿಸಿದೆ, ಒಪ್ಪಿತು. ಅರ್ಜಿ ಮುಂದಕ್ಕೆ ಹೋಯಿತು. ತಿಪ್ಪಕ್ಕ ಮಾತ್ರ ಏಳಲಿಲ್ಲ.

“ಕೆಲ್ಸ ಆತಲ್ಲ ಅಜ್ಜಿ, ಬಸ್ಸಿಗೆ ಹೊತ್ತಾಗಲ್ವಾ?”

“ಬಸ್ಸು ಬಾಳ ಅವೆ. ಇಲ್ಲಿ ತಣ್ಣಗೈತೆ, ಕುಂತಿರ್ತೀನಿ. ನಿನ್ ಕೆಲ್ಸ ನೀನು ಮಾಡವ್ವ.”

ಉಳಿದ ಮೂರು ಕುರ್ಚಿಗಳೂ ತುಂಬಿದ್ದವು. ಬಾಗಿಲಲ್ಲಿ ಇನ್ನೊಬ್ಬರು ಕೋಲೂರಿ ನಿಂತಿದ್ದರು. ಇಪ್ಪತ್ತು ವರ್ಷಕ್ಕೆಂದು ಹಾಕಿದ ನನ್ನ ಲೆಕ್ಕ ಮೊದಲ ದಿನ ಹನ್ನೊಂದು ಗಂಟೆಗೇ ಒಂದು ಕುರ್ಚಿ ತಪ್ಪಿತ್ತು. ನನ್ನ ಕುರ್ಚಿಯನ್ನು ಅವರತ್ತ ತಳ್ಳಿ, ನಿಂತುಕೊಂಡೇ ಅವರ ಅರ್ಜಿ ತೆಗೆದುಕೊಂಡೆ.