ಮೇಷ್ಟ್ರ ಅಪ್ಪನ ಐದಕ್ಷರದ ಸಾಲು

ಅವರ ಬಲಗಾಲಿನ ಬೂಟು ಮಾತ್ರ ತುದಿಯಲ್ಲಿ ಸವೆದಿತ್ತು. ಕಾರು ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ಅಲ್ಲಿದ್ದ ಎರಡನೆಯ ಬ್ರೇಕಿನ ಮೇಲೆ ಸದಾ ಕಾಲಿಟ್ಟುಕೊಂಡಿರುತ್ತಿದ್ದ ಡ್ರೈವಿಂಗ್ ಮೇಷ್ಟ್ರು ಅವರು. ಚೀನಾದವರು, ಅರವತ್ತು ದಾಟಿದವರು. 2014ರಲ್ಲಿ ಪರದೇಶದ ಈ ಮಿಲ್ ಕ್ರೀಕ್ ಊರಿಗೆ ಬಂದ ಹೊಸದರಲ್ಲಿ ಅವರ ಬಳಿ ಸೇರಿದೆ. ಸ್ಟಿಯರಿಂಗ್ ಹಿಡಿದರೆ ನನ್ನ ಅಂಗೈ ಬೆವರುತ್ತಿತ್ತು. "ಫ್ರೀವೇ ಮೇಲೆ ಒಂದ್ಸಲ ಡ್ರೈವ್ ಮಾಡು, ಎಲ್ಲ ಸರಿಹೋಗತ್ತೆ" ಎನ್ನುತ್ತಿದ್ದರು ನಮ್ಮ ಯಜಮಾನರು. ಮೇಷ್ಟ್ರು ಹಾಗನ್ನಲಿಲ್ಲ. ಭಯ ಇರಲಿ, ಕಣ್ಣು ಮಾತ್ರ ಮುಚ್ಚಬೇಡಿ ಎಂದರು.

ಕೆಂಪು ದೀಪಕ್ಕೆ ನಿಂತಾಗಲೆಲ್ಲ ಹರಕು ಇಂಗ್ಲಿಷಿನಲ್ಲಿ ಕವಿತೆಯ ಮಾತು. ಅವರು ಹರೆಯದಿಂದ ಹೊಸ ಕವಿತೆ ಬರೆದವರು; ಪ್ರಾಸವಿಲ್ಲ, ಅಕ್ಷರದ ಲೆಕ್ಕವಿಲ್ಲ, ಆಡುಮಾತಿನ ಓಟ. ಅವರ ತಂದೆ ಶಾಲೆಯಲ್ಲಿ ಹಳೆಯ ಕಾವ್ಯ ಕಲಿಸುತ್ತಿದ್ದವರು. ಅದರಲ್ಲಿ ಸಾಲಿಗೆ ಐದೋ ಏಳೋ ಅಕ್ಷರ. ಯಾವ ಅಕ್ಷರದ ದನಿ ಸಮವಾಗಿರಬೇಕು, ಯಾವುದು ಏರಿಳಿಯಬೇಕು ಎಂಬುದಕ್ಕೂ ಕಟ್ಟುಪಾಡು. ಮಗ ಬರೆದದ್ದನ್ನು ಅವರು ಕವಿತೆಯೆಂದು ಒಪ್ಪಲಿಲ್ಲ. ನಿಮ್ಮದು ಸತ್ತ ಛಂದಸ್ಸು ಎಂದುಬಿಟ್ಟರು ಮಗ. ತಂದೆ ಸಾಯುವವರೆಗೂ ಇಬ್ಬರಿಗೆ ಮಾತಿಲ್ಲ. ನಿಮ್ಮ ಭಾಷೆಯಲ್ಲೂ ಹೀಗಾಯಿತೇ ಎಂದು ಮೇಷ್ಟ್ರು ನನ್ನನ್ನು ಕೇಳಿದರು. ಷಟ್ಪದಿಗೆ ಲಘು ಗುರು ಹಾಕಿದ್ದು ನಾನು ಪರೀಕ್ಷೆಗೆ ಮಾತ್ರ ಎಂದೆ.

ನವೆಂಬರಿನ ಒಂದು ಮಧ್ಯಾಹ್ನ ಪಕ್ಕದೂರು ಎವರೆಟ್ ಕಡೆ ಫ್ರೀವೇ ಹೆದ್ದಾರಿ ಹತ್ತಿಸಿದರು. ಮಳೆ. ಅಲ್ಲಿನ ವಿಮಾನದ ಕಾರ್ಖಾನೆಯ ಪಾಳಿ ಬಿಟ್ಟ ಹೊತ್ತು. ಎರಡೂ ಬದಿಗೆ ಲಾರಿ ಬಂದು, ಚಕ್ರದ ನೀರು ಗಾಜಿಗೆ ರಾಚಿ, ಮುಂದೇನೂ ಕಾಣದಾಯಿತು. ನನ್ನ ಕಾಲು ಮರಗಟ್ಟಿತು. ನಡುರಸ್ತೆಯಲ್ಲೇ ಕಾರು ನಿಧಾನವಾಗತೊಡಗಿತು. ಹಿಂದಿನಿಂದ ಒಂದೇ ಸಮನೆ ಹಾರ್ನ್. ಕಣ್ಣು ಮುಚ್ಚಿಬಿಟ್ಟೆ.

ಮೇಷ್ಟ್ರು ಎಡಗೈ ಚಾಚಿ ಸ್ಟಿಯರಿಂಗ್ ಹಿಡಿದರು. ಬ್ರೇಕ್ ಒತ್ತಲಿಲ್ಲ; ಒತ್ತಿದ್ದರೆ ಹಿಂದಿನವನು ಬಂದು ಗುದ್ದುತ್ತಿದ್ದ. ಅವರ ಬಾಯಿಂದ ಅವರ ಭಾಷೆಯಲ್ಲಿ ಏನೋ ಹೊರಟಿತು. ಐದು ಅಕ್ಷರ, ಒಂದು ತಡೆ, ಮತ್ತೆ ಐದು. ಆ ಲಯಕ್ಕೆ ನನ್ನ ಉಸಿರು ಮರಳಿತು. ಕಣ್ಣು ತೆರೆದು ಆಕ್ಸಿಲರೇಟರ್ ಒತ್ತಿದೆ. ಮುಂದಿನ ಎಕ್ಸಿಟ್‌ನಲ್ಲಿ ಇಳಿದೆವು.

ಅಂಗಡಿಯೊಂದರ ಪಾರ್ಕಿಂಗಿನಲ್ಲಿ ನಿಲ್ಲಿಸಿದ ಮೇಲೂ ಅವರು ಸ್ಟಿಯರಿಂಗ್ ಬಿಡಲಿಲ್ಲ.

"ಸತ್ತೇ ಹೋದ್ವಿ ಅಂದ್ಕೊಂಡೆ. ನಲವತ್ತು ವರ್ಷದಿಂದ ಬರೀತಿದೀನಿ, ನಂದು ಒಂದು ಸಾಲೂ ಬಾಯಿಗೆ ಬರ್ಲಿಲ್ಲ. ಅಪ್ಪ ಹೊಡೆದು ಕಲಿಸಿದ್ದೇ ಬಂತು" ಎಂದರು.

ಮುಂದಿನ ವಾರ, ಪಾಠಕ್ಕೆ ಮೊದಲು, ಹೊಸ ಕವಿತೆಯೊಂದನ್ನು ತಮ್ಮ ಭಾಷೆಯಲ್ಲೇ ಓದಿದರು. ತಮ್ಮ ಎಂದಿನ ಬಗೆಯದೇ, ಆದರೆ ನಡುವೆ ಅಪ್ಪನ ಲೆಕ್ಕದ ಒಂದು ಸಾಲಿದೆ ಎಂದರು. ಮನೆಯಲ್ಲಿ ಹೆಂಡತಿಗೆ ಓದಿರಲಿಲ್ಲ. ಅಪ್ಪನಿಗೆ ಕೊನೆಗೂ ಸೋತೆ ಎಂದುಕೊಂಡಾರು ಎಂಬ ಅಂಜಿಕೆ.

ನನಗೆ ಲೈಸೆನ್ಸ್ ಬಂತು. ಎರಡು ಚಳಿಗಾಲ ಕಳೆದ ಮೇಲೆ ಅವರ ಹೆಂಡತಿ ಫೋನ್ ಮಾಡಿದರು. ಮೇಷ್ಟ್ರು ಹೋಗಿಬಿಟ್ಟರು, ಹೃದಯಾಘಾತ, ಅಂತ್ಯಕ್ರಿಯೆ ಎವರೆಟ್‌ನಲ್ಲಿ. ಯಜಮಾನರು ಊರಲ್ಲಿರಲಿಲ್ಲ. ಅದೇ ರಸ್ತೆಯಲ್ಲಿ ಒಬ್ಬಳೇ ಹೊರಟೆ. ಲಾರಿ ಕಂಡಾಗಲೆಲ್ಲ ಬೆನ್ನು ತಣ್ಣಗಾಗುತ್ತಿತ್ತು. ಆದರೂ ತಲುಪಿದೆ. ಅದು ಅವರು ಕಲಿಸಿದ್ದು.

ಎಲ್ಲ ಮುಗಿದ ಮೇಲೆ ಆಕೆ ನನ್ನನ್ನು ಪಕ್ಕಕ್ಕೆ ಕರೆದರು. ಆ ಕವಿತೆಯ ಹಾಳೆ ಎಲ್ಲೂ ಸಿಗಲಿಲ್ಲವಂತೆ.

"ನನ್ಗೆ ಓದ್ಲೇ ಇಲ್ಲ, ನಿಮ್ಗೆ ಓದಿ ಹೇಳಿದೀನಿ ಅಂತಿದ್ರು. ಹೇಗಿತ್ತು?"

ತಪ್ಪು ಹೇಳಿಬಿಟ್ಟರೆ ಎಂದು ಹೆದರಿದೆ. ಅದನ್ನು ಕೇಳಿದವಳು ನಾನೊಬ್ಬಳೇ, ಅದೂ ಆ ಭಾಷೆ ಬಾರದವಳು. ಗೊತ್ತಿದ್ದಷ್ಟು ಹೇಳಿದೆ: ನಡುವಿನ ಒಂದು ಸಾಲನ್ನು ಎರಡು ಸಲ ಓದಿದರು, ಎರಡನೆಯ ಸಲ ಅವರ ದನಿ, ಪಾಠ ಒಪ್ಪಿಸುವ ಸಣ್ಣ ಹುಡುಗನ ದನಿಯ ಹಾಗಿತ್ತು.

ಆಕೆ ನನ್ನ ಕೈ ಹಿಡಿದುಕೊಂಡರು.

"ಅಷ್ಟು ಸಾಕು. ಎಲ್ಲಿದ್ರೂ ಮಾವನವರು ಆ ಸಾಲು ಕೇಳಿಸ್ಕೊಂಡಿರ್ತಾರೆ."